ಎರಡು ಕೋವಿ, ಒಂದು ಬೆರಳಗಲ

ಮೂರು-ಎಪ್ಪತ್ತೈದೇ ಸರಿ, ಸರಿ ಹೌದಾ, ಈ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ವಾರಗಟ್ಟಲೆ ಯೋಚಿಸಿ ಕಟ್ಟಿಕೊಂಡು ಬಂದ ತೀರ್ಮಾನದ ಗಂಟು ಸಡಿಲವಾಗುತ್ತದೆ, ಎಣ್ಣೆ, ಹಳೆಯ ಚರ್ಮ, ಎಲ್ಲೋ ಒಂದೆಳೆ ಸುಟ್ಟ ಮದ್ದು, ಪಾವ್ಲಿಡಿಸ್ ಮುದುಕ ಬೇಕೆಂದೇ ಅಂಗಡಿಯ ಕಿಟಕಿ ತೆಗೆಯುವುದಿಲ್ಲವೇನೋ, ಗಿರಾಕಿ ಒಳಗೆ ಬಂದು ಎರಡು ಸಲ ಉಸಿರೆಳೆದರೆ ಅರ್ಧ ವ್ಯಾಪಾರ ಮುಗಿಯಿತು — ಆದರೆ ದಿಂಗಾನಿ ನ್ಯಾಥಿ ಅಂಥ ಗಿರಾಕಿಯಲ್ಲ, ನಾಲ್ಕು ವರ್ಷದಿಂದ ಬೇಟೆಗಾರರ ಕೈಕೆಳಗೆ ಕಲಿಯುತ್ತಿರುವವನು, ಕಾಗದದ ಪರೀಕ್ಷೆಗಳನ್ನೆಲ್ಲ ಒಂದೇ ಸಲಕ್ಕೆ ಮುಗಿಸಿದವನು, ಬುಲವಾಯೊದಲ್ಲಿ ಯಾವ ಅಂಗಡಿಯಲ್ಲಿ ಯಾವ ಕೋವಿ ಎಷ್ಟು ತಿಂಗಳಿಂದ ಮಾರಾಟವಾಗದೆ ಕೂತಿದೆ ಎಂದು ಬೆರಳ ತುದಿಯಲ್ಲಿ ಹೇಳಬಲ್ಲವನು. ಗಾಜಿನ ಮೇಜಿನ ಮೇಲೆ ಎರಡು ಕೋವಿಗಳು ಒಂದರ ಪಕ್ಕ ಒಂದು ಮಲಗಿವೆ. ಬಲಗಡೆಯದು ಮೂರು-ಎಪ್ಪತ್ತೈದು, ನಳಿಗೆಯ ಅಳತೆಯೇ ಅದರ ಹೆಸರು, ಜೆಕ್ ದೇಶದ್ದು, ಹೊಸದಕ್ಕೆ ಹೊಸದು, ಎಲ್ಲರೂ ಕಣ್ಣುಮುಚ್ಚಿ ತಗೋ ಎನ್ನುವಂಥದು. ಎಡಗಡೆಯದು ನಾಲ್ಕು-ಐವತ್ತೆಂಟು, ನಳಿಗೆಯ ಬಾಯಿಗೆ ಕಿರುಬೆರಳು ಹೋಗುವಷ್ಟು ದಪ್ಪ, ಯಾರೋ ತೀರಿಕೊಂಡ ಬೇಟೆಗಾರನ ಹೆಂಡತಿ ಮಾರಿಕೊಡಿ ಎಂದು ತಂದಿಟ್ಟು ಹೋದದ್ದು, ಹಿಡಿಯ ಮರ ಕೈಬೆವರು ಕುಡಿದು ಕಪ್ಪಾಗಿದೆ. ಜೇಬಿನಲ್ಲಿ ಎರಡು ಸಾವಿರದ ನೂರು ಡಾಲರ್, ಬೇಟೆಗೆ ಬಂದ ಅಮೆರಿಕದವರೂ ಜರ್ಮನಿಯವರೂ ಹೋಗುವಾಗ ಕೈಗಿಟ್ಟ ಬಕ್ಷೀಸು, ಜೊತೆಗೆ ಮಾರಿದ ಎರಡು ಎತ್ತು. ಒಂಬತ್ತು ದಿನಕ್ಕೆ ಕಾಡಿನಲ್ಲಿ ಕೊನೆಯ ಪರೀಕ್ಷೆ. ಪರೀಕ್ಷಕರ ಕಣ್ಣೆದುರು ಕಾಡುಕೋಣವನ್ನು ನಡೆದು ಹಿಂಬಾಲಿಸಬೇಕು, ಹತ್ತಿರ ಹೋಗಿ ಹೊಡೆದು ಕೆಡವಬೇಕು, ಗೆದ್ದರೆ ಬೇಟೆಗಾರ, ಸೋತರೆ ಮತ್ತೆ ಇನ್ನೊಬ್ಬರ ಸಾಮಾನು ಹೊರುವವನು, ಅಷ್ಟೇ ಆಗಿದ್ದರೆ ಅಷ್ಟೇ, ಆದರೆ ಅಷ್ಟೇ ಅಲ್ಲ, ಜಾಡು ನೋಡುತ್ತ ಅವನ ಮುಂದೆ ನಡೆಯುವವರು ಮುನ್ಸಾಕ, ಮತ್ತೆ ಮುನ್ಸಾಕನೇ.

ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಬಲಗಾಲು ಉದ್ದಕ್ಕೆ ಚಾಚಿಕೊಂಡು ಕೂತಿದ್ದಾರೆ, ಅದು ಈಗ ಮಡಿಸಿದರೂ ಪೂರ್ತಿ ಮಡಿಯುವುದಿಲ್ಲ, ಅಂಗಿಯ ಜೇಬಿನಿಂದ ಹುರಿದ ಮೊಪಾನೆ ಮರದ ಹುಳುಗಳನ್ನು ಒಂದೊಂದಾಗಿ ತೆಗೆದು ಕಟಕಟ ಅಗಿಯುತ್ತಿದ್ದಾರೆ, ಏನ್ ಯಜಮಾನ್ರೇ ನನ್ನ ಅಂಗಡೀನ ಹೋಟ್ಲು ಮಾಡ್ಕೊಂಡ್ರಾ ಎನ್ನುತ್ತಾನೆ ಪಾವ್ಲಿಡಿಸ್, ಇವನ ಅಪ್ಪ ಗ್ರೀಸಿನಿಂದ ಬಂದವನಾದರೂ ಇವನು ಹುಟ್ಟಿದ್ದು ಇದೇ ಬೀದಿಯಲ್ಲಿ, ನಮ್ಮ ಭಾಷೆಯನ್ನು ನಮಗಿಂತ ಜೋರಾಗಿ ಬೈಯುವುದಕ್ಕೆ ಬಳಸುತ್ತಾನೆ, ತಗೋ ನೀನೂ ಒಂದು ತಿನ್ನು, ಆ ಮೀಸೆಗೆ ಸ್ವಲ್ಪ ಶಕ್ತಿ ಬರ್ಲಿ ಅಂತ ಮುನ್ಸಾಕ, ಪಾವ್ಲಿಡಿಸ್ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡು ಉಪ್ಪು ಕಮ್ಮಿ ಎನ್ನುತ್ತಾನೆ. ಮುನ್ಸಾಕ ಕೋವಿಗಳ ಕಡೆ ನೋಡುತ್ತಿಲ್ಲ. ನೋಡುವುದೂ ಇಲ್ಲ, ನಲವತ್ತು ವರ್ಷದ ಜಾಡಿನ ಕೆಲಸದಲ್ಲಿ ಒಂದು ಸಲವೂ ಕೋವಿ ಮುಟ್ಟಿದವರಲ್ಲ, ಜಾಡುಗಾರನ ಕೈ ಖಾಲಿ ಇರಬೇಕು ಎನ್ನುವುದು ಅವರ ನೇಮ, ಕೈಯಲ್ಲಿ ಕೋವಿ ಬಂದರೆ ಕಣ್ಣು ಮೇಲೇಳುತ್ತೆ ಕಣೋ, ಕಣ್ಣು ಮೇಲೆದ್ದರೆ ಹೆಜ್ಜೆ ಗುರುತು ಕಳಕೊಂಡೆ ಅಂತಲೇ ಲೆಕ್ಕ, ನನ್ನ ಕಣ್ಣು ನೆಲಕ್ಕೆ, ನಿನ್ನ ಕಣ್ಣು ನನ್ನ ತಲೆ ಮೇಲಿಂದ ಮುಂದಕ್ಕೆ — ಮೊದಲ ದಿನ ಹೇಳಿಕೊಟ್ಟಿದ್ದು ಅದನ್ನೇ. ಗಾಯಗೊಂಡ ಕೋಣದ ಹಿಂದೆ ಪೊದೆಯೊಳಗೆ ಹೋಗುವಾಗ ಮುಂದಿರುವವನು ನೆಲ ನೋಡುತ್ತಾನೆ, ಎದುರಿಗೆ ಏನಿದೆ ಎಂದು ಅವನಿಗೆ ಗೊತ್ತಿಲ್ಲ, ಗೊತ್ತಿರಬೇಕಾದ್ದು ಹಿಂದಿರುವವನಿಗೆ. ಅವರ ಬೆನ್ನು ಎಂಥ ಸಣ್ಣ ಬೆನ್ನು, ಖಾಕಿ ಅಂಗಿಯ ನಡುವೆ ಬೆವರಿನ ಕಪ್ಪು ಪಟ್ಟೆ, ಆ ಪಟ್ಟೆಯನ್ನು ನೋಡಿಕೊಂಡೇ ನಾಲ್ಕು ವರ್ಷ ನಡೆದಿದ್ದೇನೆ.

ಮೊದಲು ಕೆಲಸ. ದಿಂಗಾನಿ ಮೂರು-ಎಪ್ಪತ್ತೈದನ್ನು ಎತ್ತಿದ, ಕೈಗೆ ಹಿತವಾದ ಭಾರ, ತೋಟಾವನ್ನು ಒಳಗೆ ತಳ್ಳಿ ಹೊರಗೆ ಎಳೆಯುವ ಬೋಲ್ಟನ್ನು ಹಿಂದಕ್ಕೆ ಎಳೆದು ನಳಿಗೆಯನ್ನು ಬೀದಿಯ ಬೆಳಕಿಗೆ ಹಿಡಿದ, ಒಳಗಿನ ಸುರುಳಿ ಗೆರೆಗಳು ನೀರಿನ ಸುಳಿಯಂತೆ ಚೊಕ್ಕವಾಗಿವೆ, ತೋಟಾದ ಬುಡವನ್ನು ಹಿಡಿಯುವ ಕೊಕ್ಕೆ ಅಗಲವಾಗಿದೆ, ಒಳ್ಳೆಯದು, ತೆಳು ಕೊಕ್ಕೆಯ ಕೋವಿ ಅಂದಕ್ಕೆ ಚೆಂದ, ಕೋಣಕ್ಕಲ್ಲ. ಪಾವ್ಲಿಡಿಸ್ ಕೊಟ್ಟ ಮದ್ದಿಲ್ಲದ ನಾಲ್ಕು ತೋಟಾಗಳನ್ನು ಹೊಟ್ಟೆಗೆ ತುಂಬಿದ, ಮೆಲ್ಲಗೆ ಎಳೆದು ತಳ್ಳಿದರೆ ಯಾವ ಕೋವಿಯಾದರೂ ಸಾಧುವಾಗಿ ನಡೆದುಕೊಳ್ಳುತ್ತದೆ, ಜೋರಾಗಿ ಎಳೆಯಬೇಕು, ಸಿಟ್ಟಿನಲ್ಲಿ ಎಳೆಯಬೇಕು, ಎಳೆದ, ತಳ್ಳಿದ, ಎಳೆದ, ತಳ್ಳಿದ, ನಾಲ್ಕೂ ಎಣ್ಣೆ ಹಚ್ಚಿದ ಹಾಗೆ ಜಾರಿ ಒಳಹೋಗಿ ಮೇಜಿನ ಮೇಲೆ ಠಣಠಣ ಬಿದ್ದವು. ನೋಡಪ್ಪ, ಹೆಂಗೆ ನುಂಗುತ್ತೆ ನೋಡು, ನನ್ನ ಮೊಮ್ಮಗ ಮುದ್ದೆ ನುಂಗಿದ ಹಾಗೆ, ಸಾವಿರದ ಒಂಬೈನೂರ ಐವತ್ತು, ನಿನ್ನ ಮುಖ ನೋಡಿ ಹೇಳ್ತಿದೀನಿ ಎಂದ ಪಾವ್ಲಿಡಿಸ್. ನನ್ನ ಮುಖದಲ್ಲಿ ಅಷ್ಟು ದುಡ್ಡು ಕಾಣುತ್ತಾ ಎಂದ ದಿಂಗಾನಿ. ಸಾವಿರದ ಒಂಬೈನೂರ ಐವತ್ತಾದರೆ ಉಳಿಯುವುದು ನೂರೈವತ್ತು, ಅದಕ್ಕೆ ತೋಟಾ ಒಂದು ಪೆಟ್ಟಿಗೆಯೂ ಬರುವುದಿಲ್ಲ, ಇಪ್ಪತ್ತು ತೋಟಾ ಇಲ್ಲದೆ ಅಭ್ಯಾಸ ಹೇಗೆ, ಕೋವಿ ಕೊಂಡು ತೋಟಾ ಕೊಳ್ಳಲಾಗದವನು ಕುದುರೆ ಕೊಂಡು ಹುಲ್ಲು ಕೊಳ್ಳಲಾಗದವನ ಹಾಗೆ, ಆದರೂ ಇದು ಮೂರು-ಎಪ್ಪತ್ತೈದು, ಒದೆ ಕಡಿಮೆ, ದೂರದ ಗುರಿಗೂ ಸೈ, ಪರೀಕ್ಷಕರ ಮುಂದೆ ಇಟ್ಟರೆ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ, ಅವನು ಕೆಲಸ ಮಾಡುವ ಬೇಟೆ ಕಂಪನಿಯ ಕೋವಿಯೂ ಮೂರು-ಎಪ್ಪತ್ತೈದೇ ಆಗಿತ್ತು, ಕೈಗೆ ಅಭ್ಯಾಸ — ಕೈಗೆ ಅಭ್ಯಾಸ, ಹೌದು, ಕೈಯ ಮಾತು ಈಗ ಬೇಡ.

ಆ ಕೋವಿ ಈಗ ಕಂಪನಿಯ ಕಬ್ಬಿಣದ ಬೀರುವಿನಲ್ಲಿದೆ, ಕುತ್ತಿಗೆಗೆ ದಾರ ಕಟ್ಟಿ ರಟ್ಟಿನ ಚೀಟಿ, ಕೆಟ್ಟಿದೆ ಬಳಸಬೇಡಿ ಎಂದು ಯಜಮಾನ ರೂಪರ್ಟನ ದಪ್ಪ ಅಕ್ಷರ. ಹನ್ನೊಂದು ತಿಂಗಳಾಯಿತು. ಹಲ್ಲಿನ ಡಾಕ್ಟರೊಬ್ಬ ಜರ್ಮನಿಯಿಂದ ಬಂದಿದ್ದ, ಕೋಣದ ಹೊಟ್ಟೆಗೆ ಹೊಡೆದ, ಹೊಟ್ಟೆಗೆ ಬಿದ್ದ ಗುಂಡು ಕೋಣವನ್ನು ಕೊಲ್ಲುವುದಿಲ್ಲ, ಸಿಟ್ಟು ಬರಿಸುತ್ತದೆ, ಅದು ಪೊದೆಯೊಳಗೆ ಹೋಗಿ ಮುಖ ತಿರುಗಿಸಿ ನಿಂತು ಕಾಯುತ್ತದೆ, ಎಲೆ ಉದುರಿದ ಕಾಲದಲ್ಲೂ ಆ ಪೊದೆ ಹೆಣೆದ ಬುಟ್ಟಿಯ ಹಾಗೆ, ಹತ್ತು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ, ಮುನ್ಸಾಕ ಬಗ್ಗಿ ಒಂದು ಒಣಹುಲ್ಲಿನ ಮೇಲಿನ ರಕ್ತವನ್ನು ಬೆರಳಿಂದ ಮುಟ್ಟುತ್ತಾರೆ, ಬಿಸಿ ಇದೆ ಎಂದು ಕೈ ತೋರಿಸುತ್ತಾರೆ, ಆಗ ಬುಟ್ಟಿಯೇ ಒಡೆದು ಬಂತು. ದಿಂಗಾನಿ ಹೊಡೆದ. ಭುಜಕ್ಕೇ ಬಿತ್ತು, ಒಳ್ಳೆಯ ಹೊಡೆತ, ಇವತ್ತಿಗೂ ಒಳ್ಳೆಯ ಹೊಡೆತವೆನ್ನುತ್ತಾನೆ, ಕೋಣ ಮುಗ್ಗರಿಸಿತು, ನಿಲ್ಲಲಿಲ್ಲ, ಅವನು ಬೋಲ್ಟ್ ಎಳೆದ, ತಳ್ಳಿದ, ಮೂರು ಹೆಜ್ಜೆ ಹಿಂದೆ ಸರಿದ, ಕೋವಿಯ ಕುದುರೆ ಎಳೆದ, ಟಿಕ್ ಎಂದಿತು. ಅಷ್ಟೇ, ಟಿಕ್. ಆಮೇಲೆ ಮುನ್ಸಾಕನ ಕಾಲು ಆಕಾಶದಲ್ಲಿ, ಲಾರಿ ಟೈರು ಕೊಯ್ದು ಮಾಡಿದ ಚಪ್ಪಲಿಯ ಅಡಿ, ಟೈರಿನ ಗೀರುಗಳು, ಗೀರಿನ ನಡುವೆ ಸಿಕ್ಕಿಕೊಂಡ ಒಂದು ಬಿಳಿ ಕಲ್ಲು, ಅಷ್ಟು ಸ್ಪಷ್ಟವಾಗಿ ಯಾವುದನ್ನೂ ಅವನು ಜೀವಮಾನದಲ್ಲಿ ನೋಡಿರಲಿಲ್ಲ. ಮತ್ತೆ ಬೋಲ್ಟ್, ಈ ಸಲ ಕೊನೆಯವರೆಗೆ, ಹೊಡೆದ, ಕಿವಿಯ ಬುಡಕ್ಕೆ, ಕೋಣ ಕುಸಿಯಿತು, ಅವನು ಇನ್ನೊಮ್ಮೆ ಬೋಲ್ಟ್ ಎಳೆದ, ಕೊನೆಯವರೆಗೆ.

ಕೋವಿಯಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ. ಬೋಲ್ಟನ್ನು ಅವನು ಪೂರ್ತಿ ಹಿಂದಕ್ಕೆ ಎಳೆದಿರಲಿಲ್ಲ, ಹಾರಿಹೋಗಬೇಕಾದ ಖಾಲಿ ತೋಟಾ ಹಾರದೆ ಮತ್ತೆ ಒಳಗೇ ಹೋಗಿ ಕೂತಿತ್ತು, ಅವನು ಹೊಡೆದದ್ದು ಆಗಲೇ ಸತ್ತ ತೋಟಾವನ್ನು. ಇದು ಎಲ್ಲ ಕಲಿಯುವವರಿಗೂ ಮೊದಲ ವಾರವೇ ಹೇಳುವ ಮಾತು, ಕೊನೆಯವರೆಗೆ ಎಳೆ, ಕೊನೆಯವರೆಗೆ, ಅವನೇ ಎಷ್ಟು ಹುಡುಗರಿಗೆ ಹೇಳಿಲ್ಲ. ರೂಪರ್ಟ್ ಗಾಡಿಯಿಂದ ಹಾರಿ ಇಳಿದು ಬಂದ, ಮುನ್ಸಾಕನನ್ನು ನೋಡಿದ, ಇವನ ಕೈಯ ಕೋವಿ ನೋಡಿದ, ಸಿಕ್ಕಿಕೊಂಡಿತಾ ಎಂದ. ದಿಂಗಾನಿ ತಲೆ ಬಗ್ಗಿಸಿದ. ತಲೆ ಬಗ್ಗಿಸುವುದೂ ಹೌದೆನ್ನುವುದೂ ನಾಲ್ಕು ಹೆಜ್ಜೆ ದೂರದಿಂದ ಒಂದೇ ಥರ ಕಾಣುತ್ತವೆ. ನನ್ಗೆ ಗೊತ್ತಿತ್ತು ಈ ದರಿದ್ರದ್ದು ಒಂದಿನ ಹಿಂಗ್ ಮಾಡುತ್ತೆ ಅಂತ, ಎಂದು ರೂಪರ್ಟ್ ಕೋವಿಯನ್ನು ಕಿತ್ತುಕೊಂಡು ಗಾಡಿಯೊಳಗೆ ಎಸೆದ, ಮಾತು ಮುಗಿಯಿತು. ಬಿಡಾರದಲ್ಲಿ ಅಡುಗೆಯವರು ಕೋಣದ ಪಿತ್ತಜನಕಾಂಗ ಸುಟ್ಟು ಅವನ ಮುಂದೆ ಇಟ್ಟರು, ಹೊಡೆದವನಿಗೆ ಮೊದಲ ತುತ್ತು, ನಾನು ನ್ಯಾಥಿ, ಕೋಣ ನಮ್ಮ ಕುಲ, ಬಾಯಿಗಿಡೋ ಹಾಗಿಲ್ಲ ಅಂದ, ಅಯ್ಯೋ ಮರ್ತೇಬಿಟ್ಟಿದ್ವಿ ಎಂದು ಎಲ್ಲರೂ ನಕ್ಕರು, ನೆಂಟನನ್ನೇ ಹೊಡೆದ್ಯಲ್ಲೋ ಅಂತ ಒಬ್ಬ, ಕುಲದ ನೇಮ ಆವತ್ತು ಎಷ್ಟು ಉಪಯೋಗಕ್ಕೆ ಬಂತು, ಬೆಂಕಿಯ ಬಳಿಯಿಂದ ಎದ್ದು ಹೋಗಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಆದರೆ ಅದಾದ ಮೇಲೆ ಮಾಡಿದ್ದೇನು ಕಡಿಮೆಯೇ, ಹನ್ನೊಂದು ತಿಂಗಳು, ದಿನಕ್ಕೆ ನೂರು ಸಲ, ಬೇರೆಯವರ ಕೋವಿ, ಖಾಲಿ ಕೋವಿ, ಕೋವಿ ಇಲ್ಲದಾಗ ಕೋಲು, ಎಳೆ ತಳ್ಳು ಎಳೆ ತಳ್ಳು, ಹೆಬ್ಬೆರಳ ಬುಡದ ಚರ್ಮ ಗಟ್ಟಿಯಾಗಿ ಎತ್ತಿನ ಹೆಗಲಿನ ಹಾಗಾಗಿದೆ, ಈ ಕೈ ಈಗ ತಪ್ಪುವುದಿಲ್ಲ, ತಪ್ಪುವುದೇ ಇಲ್ಲ, ಇದನ್ನು ಅವನು ಹೆಮ್ಮೆಗೆ ಅಂದುಕೊಳ್ಳುತ್ತಿಲ್ಲ, ಬಡಗಿಗೆ ತನ್ನ ಉಳಿಯ ಮೇಲಿರುವ ಹಾಗೆ ನಂಬಿಕೆ. ಆದ್ದರಿಂದ ಮೂರು-ಎಪ್ಪತ್ತೈದೇ. ಪರವಾಗಿಲ್ಲ, ಆದರೂ ಎಡಗಡೆಯದನ್ನೂ ನೋಡಿಬಿಡೋಣ, ನೋಡಿದರೆ ದುಡ್ಡೇನೂ ಹೋಗುವುದಿಲ್ಲ. ನಾಲ್ಕು-ಐವತ್ತೆಂಟನ್ನು ಎತ್ತಿದ, ಅಬ್ಬ, ಇದರದ್ದು ಒರಟು ಭಾರ, ಹಿಡಿಯ ಮರದಲ್ಲಿ ಬಿರುಕಿದೆಯೇ ಎಂದು ಉಗುರು ಎಳೆದು ನೋಡಿದ, ಇಂಥ ದಪ್ಪ ಗುಂಡಿನ ಕೋವಿ ಒದ್ದೂ ಒದ್ದೂ ತನ್ನ ಮರವನ್ನು ತಾನೇ ಸೀಳಿಕೊಳ್ಳುತ್ತದೆ, ಉಗುರು ಎಲ್ಲೂ ತಡೆಯಲಿಲ್ಲ, ಸತ್ತವನು ಎರಡು ಕಡೆ ಅಡ್ಡ ಮೊಳೆ ಕೂರಿಸಿದ್ದಾನೆ, ಬುದ್ಧಿವಂತ, ನಳಿಗೆಯ ಕಪ್ಪು ಬಣ್ಣ ಅಲ್ಲಲ್ಲಿ ಹೋಗಿದೆ, ಹೋಗಲಿ, ಕೋಣ ಬಣ್ಣ ನೋಡಿ ಬರುವುದಿಲ್ಲ. ಒಂದು ಸಾವಿರದ ನಾನೂರು ಎನ್ನುತ್ತಾನೆ ಪಾವ್ಲಿಡಿಸ್, ಅರವತ್ತು ತೋಟಾ ಜೊತೆಗೆ, ಆಯಮ್ಮ ಮನೇಲಿ ಇಟ್ಕೊಳ್ಳೋಕೂ ಒಲ್ಲೆ ಅಂದಳು, ಆದ್ರೆ ಮೊದ್ಲೇ ಹೇಳ್ತೀನಪ್ಪ, ಇದು ಒದ್ದರೆ ನಿಮ್ಮಜ್ಜಿ ನೆನಪಾಗ್ತಾಳೆ. ನಮ್ಮಜ್ಜಿ ಒದೀತಿರ್ಲಿಲ್ಲ, ಬಡೀತಿದ್ಲು ಎಂದ ದಿಂಗಾನಿ, ಮುದುಕ ನಕ್ಕ, ಹಿಂದಿನಿಂದ ಮುನ್ಸಾಕ, ಬಡ್ದಿದ್ದು ಸಾಲ್ದಾಯ್ತು, ಎಂದರು.

ಅವರು ಎದ್ದಿದ್ದರು. ಕಾಲೆಳೆದುಕೊಂಡು ಮೇಜಿನವರೆಗೆ ಬಂದರು, ಹುಳುವಿನ ಉಪ್ಪು ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಎರಡನ್ನೂ ಬಿಚ್ಚಿ ಇಡಪ್ಪ ಸ್ವಲ್ಪ ಎಂದರು. ಬಿಚ್ಚೋದಾ ಎಂದ ಪಾವ್ಲಿಡಿಸ್. ಅದೇ, ಆ ಹಿಡಿಕೇನ ಹಿಂದಕ್ಕೆ ಎಳೆದಿಡು, ಎಷ್ಟು ಬರುತ್ತೋ ಅಷ್ಟು. ಮುದುಕ ಎರಡೂ ಕೋವಿಗಳ ಬೋಲ್ಟನ್ನು ಕೊನೆಯವರೆಗೆ ಎಳೆದು ಇಟ್ಟ, ಮುನ್ಸಾಕ ಕೋವಿಗೆ ಕೈ ತಾಕಿಸದೆ ಗಾಜಿನ ಮೇಲೆ ಬಗ್ಗಿದರು, ಹೆಜ್ಜೆ ಗುರುತಿನ ಮೇಲೆ ಬಗ್ಗುವ ಹಾಗೆಯೇ, ಪಕ್ಕದಿಂದ, ಬೆಳಕಿಗೆ ಎದುರಾಗಿ, ಒಂದು ಕಣ್ಣು ಕಿರಿದು ಮಾಡಿ, ಆಮೇಲೆ ಜೇಬಿನಿಂದ ಎರಡು ಹುಳು ತೆಗೆದರು, ಮೂರು-ಎಪ್ಪತ್ತೈದರ ಬೋಲ್ಟ್ ಎಲ್ಲಿಂದ ಹೊರಟು ಎಲ್ಲಿಗೆ ಬಂದು ನಿಂತಿದೆಯೋ ಅಲ್ಲಿ ಗಾಜಿನ ಮೇಲೆ ಒಂದೊಂದು ಇಟ್ಟರು, ನಡುವಿನ ದೂರವನ್ನು ಅಂಗೈಯಲ್ಲಿ ಅಳೆದರು, ಅದೇ ಅಂಗೈಯನ್ನು ನಾಲ್ಕು-ಐವತ್ತೆಂಟರ ಪಕ್ಕ ತಂದರು, ಒಂದು ಬೆರಳು ಹೊರಗುಳಿಯಿತು. ತೋರುಬೆರಳಿನಷ್ಟು ಅಗಲ. ಇದು ಗಿಡ್ಡ ಎಳೆತ ಎಂದರು, ಒಂದ್ ಬೆರಳು ಕಮ್ಮಿ. ಹೌದು ಯಜಮಾನ್ರೇ, ಇದ್ರ ತೋಟಾನೇ ಮೋಟು, ಅದಕ್ಕೆ ಬೋಲ್ಟು ಅಷ್ಟು ದೂರ ಬರೋದು ಬೇಡ, ನೀವು ಕೋವಿ ಬಗ್ಗೆ ಏನೂ ಗೊತ್ತಿಲ್ಲ ಅಂತಿದ್ರಿ ಎಂದ ಪಾವ್ಲಿಡಿಸ್. ಕೋವಿ ಬಗ್ಗೆ ಗೊತ್ತಿಲ್ಲ, ಕೈ ಬಗ್ಗೆ ಗೊತ್ತು, ಕೋಣ ಎದುರಿಗೆ ಬಂದಾಗ ಎಂಥೋರ ಕೈಯೂ ಒಂದ್ ಬೆರಳು ಗಿಡ್ಡ ಆಗುತ್ತೆ, ಹೋಗು, ಆ ತೋಟಾ ತಗೊಂಬಾ, ಹಳೇದಾ ಹೊಸದಾ ಇವನು ನೋಡ್ಲಿ. ಪಾವ್ಲಿಡಿಸ್ ಕೀಲಿ ಗೊಂಚಲು ಹುಡುಕುತ್ತ ಒಳಕೋಣೆಗೆ ಹೋದ.

ಒಂದ್ ಬೆರಳು. ಯಾರು ಹೇಳಿದರು ಇವರಿಗೆ, ಯಾರಿಗೆ ಗೊತ್ತು ಹೇಳಲು, ಹಲ್ಲಿನ ಡಾಕ್ಟರು ಆಗ ಮರದ ಮೇಲಿದ್ದ, ಮುಖ ಮುಚ್ಚಿಕೊಂಡಿದ್ದ, ರೂಪರ್ಟ್ ಬಂದದ್ದು ಆಮೇಲೆ, ಇನ್ನುಳಿದವರು ಅವನು ಮತ್ತು ಇವರು, ಇವರು ನೆಲದ ಮೇಲೆ ಸೊಂಟ ಮುರಿದು ಬಿದ್ದಿದ್ದರು — ನೆಲದ ಮೇಲೆ. ಮುನ್ಸಾಕ ಗಾಜಿನ ಮೇಲಿಟ್ಟ ಎರಡು ಹುಳುಗಳನ್ನು ಎತ್ತಿ, ಪಕ್ಕಪಕ್ಕದಲ್ಲಿ, ಒಂದಕ್ಕೊಂದು ತಾಗುವಷ್ಟು ಹತ್ತಿರ ಇಟ್ಟರು. ನಾನು ಆವತ್ತು ಬಿದ್ದಿದ್ದ ಕಡೆಯಿಂದ ನೆಲ ಭಾಳ ಚೆನ್ನಾಗಿ ಕಾಣ್ತಿತ್ತು ಮಗಾ ಎಂದರು, ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರ್ಲಿಲ್ಲ, ನೀನು ಮೊದಲ್ನೇದು ಹೊಡೆದಿದ್ದು ಕರಿಮರದ ಬೊಡ್ಡೆ ಹತ್ರ, ಅಲ್ಲಿ ನಿನ್ನ ಎರಡೂ ಬೂಟಿನ ಗುರುತು, ಖಾಲಿ ತೋಟಾ ಇಲ್ಲ, ಎರಡನೇದು ಹೊಡೆದಿದ್ದು ಮೂರು ಹೆಜ್ಜೆ ಹಿಂದೆ, ಅಲ್ಲಿ ಎರಡೂ ಖಾಲಿ ತೋಟಾ ಬಿದ್ದಿದ್ವು, ಹಿಂಗೇ. ಬೆರಳಿನಿಂದ ಹುಳುಗಳನ್ನು ಮುಟ್ಟಿ ತೋರಿಸಿ, ಒಂದನ್ನು ಬಾಯಿಗೆ ಹಾಕಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ಕೋಣ ನಿನ್ನೆ ಇಲ್ಲಿ ನೀರು ಕುಡಿದಿದೆ, ಎಡಗಾಲು ಸ್ವಲ್ಪ ಎಳೆಯುತ್ತಿದೆ ಎಂದು ಹೇಳುವ ದನಿಯೇ. ಹನ್ನೊಂದು ತಿಂಗಳು. ಆಸ್ಪತ್ರೆಯಲ್ಲಿ ಆರು ವಾರ, ಪ್ರತಿ ಭಾನುವಾರ ಅವನು ಕಿತ್ತಳೆ ತೆಗೆದುಕೊಂಡು ಹೋಗುತ್ತಿದ್ದ, ಇವರು ಕಿತ್ತಳೆ ಸುಲಿಯುತ್ತ ಮಳೆಯ ಮಾತಾಡುತ್ತಿದ್ದರು, ಆಡಿನ ಮಾತಾಡುತ್ತಿದ್ದರು, ನಿಮ್ಮವರು ನಮ್ಮ ಆಡು ಹೊಡ್ಕೊಂಡು ಹೋದೋರ ಮಕ್ಕಳು ಅಂತ ಇಬ್ಬರ ಬುಡಕಟ್ಟಿನ ನಡುವಿನ ಹಳೆಯ ಚೇಷ್ಟೆ ಮಾಡುತ್ತಿದ್ದರು, ಆಗಲೂ ಗೊತ್ತಿತ್ತು, ಪರೀಕ್ಷೆಗೆ ನಾನೇ ಮುಂದೆ ನಡೀತೀನಿ ಎಂದು ರೂಪರ್ಟನ ಹತ್ತಿರ ಜಗಳ ತೆಗೆದಾಗಲೂ ಗೊತ್ತಿತ್ತು, ಈ ಕುಂಟುಕಾಲಲ್ಲಿ ಯಾಕೆ ಮದಾಲ, ಯಾಕಜ್ಜ ಎಂದರೆ ಕಣ್ಣು ಕುಂಟಾಗಿಲ್ಲವಲ್ಲ ಎಂದಿದ್ದರು, ಗೊತ್ತಿದ್ದೂ ಅವನ ಕೋವಿಯ ಮುಂದೆ, ಕೋವಿಗೆ ಬೆನ್ನು ಕೊಟ್ಟು, ನೆಲ ನೋಡುತ್ತ ನಡೆಯಲು ಹೊರಟಿದ್ದಾರೆ. ಇಬ್ಬರಲ್ಲಿ ಯಾರ ಎದೆ ದೊಡ್ಡದು.

ಒಳಕೋಣೆಯಲ್ಲಿ ಪಾವ್ಲಿಡಿಸ್ ಪೆಟ್ಟಿಗೆ ಎಳೆಯುವ ಸದ್ದು. ಮುನ್ಸಾಕ ಕಾಯುತ್ತಿದ್ದಾರೆ, ಉಳಿದ ಹುಳುವನ್ನು ತಿನ್ನದೆ. ಈಗ ಹೇಳಬಹುದು. ಬಾಯಿ ತೆರೆದರೆ ಸಾಕು, ಎಲ್ಲ ಇವರೇ ಹೇಳಿ ಮುಗಿಸಿದ್ದಾರೆ, ಉಳಿದಿರುವುದು ಒಂದು ಹೌದು, ಬಾಗಿಲು ತೆರೆದು ಹಿಡಿದುಕೊಂಡು ನಿಂತವರ ಹಾಗೆ ನಿಂತಿದ್ದಾರೆ, ಒಳಗೆ ಕಾಲಿಟ್ಟರಾಯಿತು, ಆದರೆ ಬೀರುವಿನಲ್ಲಿ ಚೀಟಿ ಕಟ್ಟಿಸಿಕೊಂಡು ಬಿದ್ದಿರುವ ಆ ನಿರಪರಾಧಿ ಕೋವಿ, ರೂಪರ್ಟ್, ಪರೀಕ್ಷಕರು, ಸುಟ್ಟ ಪಿತ್ತಜನಕಾಂಗ, ಒಂದು ಹೌದಿನ ಹಿಂದೆ ಎಷ್ಟೊಂದು ಹೌದುಗಳು ಸಾಲುಗಟ್ಟಿ ನಿಂತಿವೆ. ದಿಂಗಾನಿ ನಾಲ್ಕು-ಐವತ್ತೆಂಟನ್ನು ಹೆಗಲಿಗೆ ಏರಿಸಿದ. ಕಣ್ಣು ತಾನೇ ತಾನಾಗಿ ಗುರಿಯ ಗೆರೆಗೆ ಬಂತು, ಸತ್ತವನ ಮೈಯಳತೆಯೂ ಇವನದೂ ಒಂದೇ ಇರಬೇಕು. ಎಳೆದ, ಕೊನೆಯವರೆಗೆ, ಬೋಲ್ಟ್ ತಡೆಗೆ ಬಡಿದು ನಿಂತದ್ದು ಕೆನ್ನೆಯ ಮೂಳೆಗೆ ತಿಳಿಯಿತು, ತಳ್ಳಿದ, ಎಳೆದ, ತಳ್ಳಿದ, ಮುನ್ಸಾಕ ಅವನ ಮುಖವನ್ನಲ್ಲ, ಅವನ ಕೈಯನ್ನು ನೋಡುತ್ತಿದ್ದರು, ಹ್ಞೂಂ ಎಂದರು. ಹೌದು, ಇದೇ. ಒದೆಯಲಿ, ಹೆಗಲು ಗಟ್ಟಿಯಿದೆ, ತೋಟಾ ಅರವತ್ತಿವೆ, ಸೋಮವಾರ ಹಳೆಯ ಕಲ್ಲುಗಣಿಯಲ್ಲಿ ಇಪ್ಪತ್ತು ಹೊಡೆದರೂ ನಲವತ್ತು ಉಳಿಯುತ್ತವೆ, ಒಂಬತ್ತು ದಿನ ಸಾಕು, ಬೇಕಾದಷ್ಟಾಯಿತು, ಪರೀಕ್ಷೆಯಲ್ಲಿ ಈ ಕೋವಿ ತಪ್ಪುವುದಿಲ್ಲ, ಈ ಕೈಯೂ ತಪ್ಪುವುದಿಲ್ಲ, ಈ ಮನುಷ್ಯನ ಮೈಮೇಲೆ ಇನ್ನೊಂದು ಗೀರು ಬೀಳುವುದಿಲ್ಲ, ಅಷ್ಟು ಅವನಿಗೆ ಗೊತ್ತು, ತನ್ನ ಹೆಸರು ಗೊತ್ತಿರುವಷ್ಟೇ ಗೊತ್ತು. ಇದೇ ತಗೊಳ್ತೀನಿ ಮದಾಲ ಎಂದ. ತಗೋ ಎಂದರು ಮುನ್ಸಾಕ, ಉಳಿದ ಹುಳುವನ್ನು ಎತ್ತಿ ಬಾಯಿಗೆ ಹಾಕಿಕೊಂಡು ಬಾಗಿಲ ಕಡೆ ತಿರುಗಿದರು, ಬೀದಿಯ ಬೆಳಕಿನಲ್ಲಿ ಆ ಸಣ್ಣ ಬೆನ್ನು, ಎಳೆಯುವ ಕಾಲು, ಕಾಲು ಎತ್ತಿದಾಗೆಲ್ಲ ಚಪ್ಪಲಿಯ ಅಡಿ, ಟೈರಿನ ಗೀರುಗಳು, ಆಕಾಶದಲ್ಲಿ ಟೈರಿನ ಗೀರುಗಳು, ಟೈರಿನ ಗೀರುಗಳು.

ಕೋವಿ ಸಿಕ್ಕಿಕೊಂಡಿರಲಿಲ್ಲ, ತಪ್ಪು ನನ್ನದು ಎಂದು ದಿಂಗಾನಿ ಹೇಳಲಿಲ್ಲ. ಆವತ್ತು ಅಂಗಡಿಯಲ್ಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.